ಬೀಗ ಹಾಕಿದ ಕಡತ

ನಮ್ಮೂರು ಮಣ್ಣೂರ, ಅಫಜಲಪುರ ತಾಲೂಕು. ಭೀಮಾ ನದಿ ದಾಟಿದರೆ ಇಂಡಿ ತಾಲೂಕು. ಆ ದಂಡೆಗೆ 1947ರ ಆಗಸ್ಟ್ 15ಕ್ಕೇ ಸ್ವಾತಂತ್ರ್ಯ ಬಂತು. ಈ ದಂಡೆಯಲ್ಲಿ ಇನ್ನೂ ಹದಿಮೂರು ತಿಂಗಳು ನಿಜಾಮರ ಆಳ್ವಿಕೆ, ಜೊತೆಗೆ ರಜಾಕಾರರ ಹಾವಳಿ. 1948ರ ಸೆಪ್ಟೆಂಬರ್ 17ಕ್ಕೆ ಅದು ಮುಗಿಯಿತು. ಈಗಲೂ ಆ ದಿನ ಧ್ವಜ ಹಾರಿಸ್ತೀವಿ, ಭಾಷಣ ಕೇಳ್ತೀವಿ.

ಭಾಷಣದಲ್ಲಿ ಬರದ ಮಾತೊಂದಿದೆ. ಪೊಲೀಸ್ ಕಾರ್ಯಾಚರಣೆಯ ನಂತರ ಹಳ್ಳಿಗಳಲ್ಲಿ ಸಾವಿರಾರು ಮುಸ್ಲಿಮರ ಕೊಲೆಯಾಯಿತು. ನಿಜ ತಿಳಿಯಲು ನೆಹರೂ ಅವರು ಪಂಡಿತ ಸುಂದರಲಾಲ್ ನೇತೃತ್ವದ ತಂಡವನ್ನು ಕಳಿಸಿದ್ದರು. ಕಾರ್ಯಾಚರಣೆಯಲ್ಲಿ ಮತ್ತು ಆಮೇಲೆ ಸತ್ತವರು 27ರಿಂದ 40 ಸಾವಿರ ಅಂತ ತಂಡದ ಅಂದಾಜು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾ ಒಂದು, ಬೀದರ್ ಇನ್ನೊಂದು. ವರದಿಯನ್ನು ಸರ್ಕಾರ ಪ್ರಕಟಿಸಲೇ ಇಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಜನ ಅದನ್ನು ಓದುವಂತಾದದ್ದು 2013ರ ಹೊತ್ತಿಗೆ!

ಇದನ್ನು ಪೂರ್ವ ಜರ್ಮನಿಯ ಜೊತೆ ಹೋಲಿಸಿ ನೋಡಿ. ಅಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದಾಗ ಗುಪ್ತ ಪೊಲೀಸರು (ಸ್ಟಾಸಿ) ಕಡತಗಳನ್ನು ಹರಿದು ಹಾಕತೊಡಗಿದರು. 1990ರ ಜನವರಿ 15ಕ್ಕೆ ಬರ್ಲಿನ್ನಿನ ಜನ ಅವರ ಮುಖ್ಯ ಕಚೇರಿಗೇ ನುಗ್ಗಿದರು. 1991ರಲ್ಲಿ ಕಾನೂನಾಯಿತು, 1992ರಿಂದ ಯಾರು ಬೇಕಾದರೂ ತಮ್ಮ ಕಡತ ಕೇಳಿ ಓದಬಹುದಾಯಿತು. ಸಾವಿರಾರು ಚೀಲಗಳಲ್ಲಿ ಉಳಿದ ಚೂರುಗಳನ್ನು ಜೋಡಿಸೋಕೆ ಸಾಫ್ಟ್‌ವೇರನ್ನೂ ಬರೆದರು. (ನಾನು ದಿನಾ ಬರೆಯೋ ಕೋಡ್ ನೆನೆದು ಹೊಟ್ಟೆಕಿಚ್ಚಾಯಿತು.) ಓದಿದವರಲ್ಲಿ ಕೆಲವರಿಗೆ ಸ್ವಂತ ಗೆಳೆಯರೇ ಚಾಡಿ ಹೇಳಿದ್ದು ಗೊತ್ತಾಯಿತು. ನೋವು ಸಣ್ಣದಲ್ಲ. ಆದರೂ ಅಲ್ಲಿನ ಸರ್ಕಾರ ಬಾಗಿಲು ಮುಚ್ಚಲಿಲ್ಲ.

ಹಳೇ ಗಾಯ ಕೆದಕಿದರೆ ಗಲಾಟೆ ಆಗುತ್ತೆ ಅಂತ ನಮ್ಮಲ್ಲಿ ವಾದ. ಹೊಸ ಸರ್ಕಾರಕ್ಕೆ ಆಗ ಆ ಭಯ ಇದ್ದದ್ದು ಅರ್ಥವಾಗುತ್ತೆ. 1950ರಲ್ಲಿ ನಿಜಾಮರನ್ನೇ ರಾಜಪ್ರಮುಖರನ್ನಾಗಿ ಮಾಡಿ ಸಂಭಾಳಿಸಿದ ಕಾಲ ಅದು. ಆದರೆ ಅರವತ್ತೈದು ವರ್ಷ? ಕಾಗದ ಮುಚ್ಚಿಟ್ಟರೆ ಬಾಯಿಮಾತು ನಿಲ್ಲೋದಿಲ್ಲ. ಒಬ್ಬರ ಮನೆಯಲ್ಲಿ ರಜಾಕಾರರ ಕಥೆ ಮಾತ್ರ, ಇನ್ನೊಬ್ಬರ ಮನೆಯಲ್ಲಿ ಆಮೇಲಿನ ಕಥೆ ಮಾತ್ರ ಬೆಳೆಯುತ್ತೆ. ಪ್ರತಿ ಚುನಾವಣೆಗೂ ಒಂದಿಷ್ಟು ಉಪ್ಪುಖಾರ ಸೇರುತ್ತೆ.

ಸುಂದರಲಾಲ್ ವರದಿಯಲ್ಲೇ ಇನ್ನೊಂದು ವಿಷಯವೂ ಇದೆ, ನೆರೆಯ ಮುಸ್ಲಿಮರನ್ನು ಜೀವದ ಹಂಗು ತೊರೆದು ಕಾಪಾಡಿದ ಹಿಂದೂಗಳದ್ದು. ಬೀಗ ಹಾಕಿದಾಗ ಅದೂ ಒಳಗೇ ಉಳಿಯಿತು ನೋಡಿ.

ಸರ್ಕಾರವೇ ಈ ವರದಿಯನ್ನು ಕನ್ನಡಕ್ಕೆ ತರಲಿ. 1948ರ ಮೇ ತಿಂಗಳಲ್ಲಿ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ದಾಖಲೆಗಳೂ ಅದರ ಜೊತೆಗೇ ಒಂದೇ ಪುಸ್ತಕವಾಗಿ ಅಚ್ಚಾಗಲಿ. ಕಲಬುರಗಿಯಲ್ಲಷ್ಟೇ ಅಲ್ಲ, ಆಳಂದ, ಜೇವರ್ಗಿ, ಅಫಜಲಪುರದ ಗ್ರಂಥಾಲಯಗಳಲ್ಲೂ ಒಂದೊಂದು ಪ್ರತಿ ಇಡಲಿ.