ಜೋಡಿ ಚಕ್ರಕ್ಕೆ ಕಾನೂನಿನ ಕಾವಲಿಲ್ಲ

ಟೈರಿನ ಗಾಳಿ ನಿಗದಿಗಿಂತ ಶೇ. 25ರಷ್ಟು ಇಳಿದರೆ ಚಾಲಕನ ಮುಂದೆ ದೀಪ ಹೊತ್ತಿಸಿ ಎಚ್ಚರಿಸುವ ಸಾಧನವನ್ನು ಅಮೆರಿಕವು 2000ದ ಶಾಸನದ ಮೇರೆಗೆ ಹೊಸ ಕಾರು, ಹಗುರ ವಾಹನಗಳಿಗೆ ಕಡ್ಡಾಯ ಮಾಡಿತು. 2007ರ ಸೆಪ್ಟೆಂಬರಿನಿಂದ ಇದು ಪೂರ್ಣ ಜಾರಿಯಲ್ಲಿದೆ. ಆದರೆ ಅಲ್ಲಿನ ರೈತರು ದನ, ಮೇವು ಸಾಗಿಸಲು ಬಳಸುವ, ಹಿಂದೆ ಜೋಡಿ ಚಕ್ರವುಳ್ಳ ಪಿಕಪ್ ಗಾಡಿಗಳಿಗೆ ಈ ನಿಯಮ ಅನ್ವಯಿಸದು. ಹೆಚ್ಚು ಭಾರ ಹೊರುವ ಗಾಡಿಯೇ ಹೊರಗುಳಿಯಿತು!

ಒಳಟೈರಿನ ಗಾಳಿ ಇಳಿದರೂ ಪಕ್ಕದ ಹೊರಟೈರು ಭಾರ ಹೊರುವುದರಿಂದ ಅದು ಕಣ್ಣಿಗೆ ಬೀಳದು. ಕೊನೆಗೆ ಎರಡೂ ಕಾದು ಸಿಡಿಯಬಹುದು.

ನಮ್ಮ ಫಸಲು ಸಾಗಿಸುವ ಲಾರಿಗಳಿಗೂ ಇಂಥದೇ ಜೋಡಿ ಚಕ್ರ. ರೈತ ಬಾಂಧವರು ಸರಕು ಹೇರುವ ಮುನ್ನ, ಟೈರು ತಣ್ಣಗಿರುವಾಗ, ಒಳಚಕ್ರವೂ ಸೇರಿ ಎಲ್ಲದರ ಗಾಳಿಯನ್ನು ಗೇಜಿನಿಂದ ಅಳೆಸಬೇಕು. ಕೋಲಿನಿಂದ ಬಡಿದು ನೋಡಿದರೆ ಸಾಲದು.