ಪ್ರಶ್ನೆಗೆ ಅಂಜುವ ವಿಶ್ವಾಸ

ಕಳೆದ ತಿಂಗಳು ಗೌರಿಬಿದನೂರಿನಲ್ಲಿ ಒಂದು ಮದುವೆಯ ಊಟ. ಪಂಕ್ತಿಯಲ್ಲಿ ನನ್ನ ಎಡಕ್ಕೆ ಕುಳಿತವರು ನಿವೃತ್ತ ವಿಜ್ಞಾನ ಶಿಕ್ಷಕರು. ದೇವರನ್ನು ಒಪ್ಪದವರು, ಅದನ್ನು ಮುಚ್ಚಿಟ್ಟುಕೊಳ್ಳುವವರೂ ಅಲ್ಲ. ಬಲಕ್ಕೆ ಕುಳಿತವನು ನಮ್ಮ ಧರ್ಮಕೇಂದ್ರದ ಯುವಕ, ಪ್ರತಿ ಭಾನುವಾರದ ಬಲಿಪೂಜೆಗೆ ತಪ್ಪದವನು. ಪಾಯಸ ಬರುವುದಕ್ಕೆ ಮೊದಲೇ ವಾದ ಬಂದುಬಿಟ್ಟಿತು.

"ಫಾದರ್, ಯೇಸು ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲಿ ಎನ್ನುತ್ತಾನೆ ಮತ್ತಾಯ. ಕುರೇನ್ಯನ ಜನಗಣತಿಯ ಕಾಲದಲ್ಲಿ ಎನ್ನುತ್ತಾನೆ ಲೂಕ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ, ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಒಂದು ಮಗು ಎರಡು ಸಲ ಹುಟ್ಟಿತೇ?" ಎಂದರು ಶಿಕ್ಷಕರು. ನಮ್ಮ ಯುವಕ ಉತ್ತರ ಹೇಳಲಿಲ್ಲ. ಜೇಬಿನಿಂದ ಮೊಬೈಲ್ ತೆಗೆದು, ಕೆಂಪು ಸಮುದ್ರದ ತಳದಲ್ಲಿ ಫರೋಹನ ರಥದ ಚಕ್ರಗಳು ಸಿಕ್ಕಿವೆ ಎನ್ನುವ ವಿಡಿಯೋ ತೋರಿಸಿದ. ಅನಂತರ ಇಬ್ಬರೂ ನನ್ನ ಮುಖ ನೋಡಿದರು.

ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ಸಂಕೋಚವಾದದ್ದು ಶಿಕ್ಷಕರ ಪ್ರಶ್ನೆಯಿಂದಲ್ಲ, ನಮ್ಮವನ ಉತ್ತರದಿಂದ. ಆ ರಥಚಕ್ರಗಳ ಕಥೆಯನ್ನು ಯಾವ ಪುರಾತತ್ತ್ವ ಸಂಶೋಧನೆಯೂ ಸಮರ್ಥಿಸಿಲ್ಲ. ಶಿಕ್ಷಕರ ಪ್ರಶ್ನೆಯಾದರೋ ನೇರವಾದ ಪ್ರಶ್ನೆ.

ಈ ಸೀಮೆಗೆ ಇಂಥ ಪ್ರಶ್ನೆ ಹೊಸದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭೌತಶಾಸ್ತ್ರದ ಮೇಷ್ಟರು, ಗಾಂಧೀವಾದಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿ ಎಷ್ಟೋ ಜನರ ಕೋಪಕ್ಕೆ ಗುರಿಯಾದವರು. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿರೆಂದು 2005ರಲ್ಲಿ ತೀರಿಕೊಳ್ಳುವವರೆಗೂ ವಿದ್ಯಾರ್ಥಿಗಳಿಗೆ ಹೇಳುತ್ತಲೇ ಇದ್ದರು. ಅವರ ನಿಲುವನ್ನೆಲ್ಲ ನಾನು ಒಪ್ಪುವುದಿಲ್ಲ. ಆದರೆ ಅವರ ಊರಿನ ನೆರೆಯಲ್ಲಿ ಕುಳಿತು ಪ್ರಶ್ನೆಯೇ ಪಾಪವೆಂದು ಬೋಧಿಸುವುದು ನನಗೆ ಸರಿತೋರುವುದಿಲ್ಲ.

ಆದ್ದರಿಂದ ಶಿಕ್ಷಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಗಣತಿಯ ಕಾಲವನ್ನು ಹೆರೋದನ ಕಾಲದೊಡನೆ ಹೊಂದಿಸಲು ಹಲವರು ಹಲವು ಯುಕ್ತಿಗಳನ್ನು ಹೂಡಿದ್ದಾರೆ. ಒಂದೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಸಂತ ಲೂಕನು ಕಾಲಗಣನೆಯಲ್ಲಿ ಎಡವಿದ್ದಾನೆಂದು ಹೇಳುವ ಕಥೋಲಿಕ ವಿದ್ವಾಂಸರೂ ಇದ್ದಾರೆ, ಅವರನ್ನು ಧರ್ಮಸಭೆ ಹೊರಗಟ್ಟಿಲ್ಲ.

ಯುವಕನ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು.

ಇವರಿಬ್ಬರೂ ಎದುರು ಬದುರಿನ ವಾದಿಗಳಂತೆ ಕಂಡರೂ ಒಂದು ವಿಷಯದಲ್ಲಿ ಒಮ್ಮತದವರು. ಶುಭಸಂದೇಶವೆಂದರೆ ಪೊಲೀಸರು ಸ್ಥಳದಲ್ಲೇ ಬರೆದ ಮಹಜರು ಎಂದು ಇಬ್ಬರೂ ಭಾವಿಸಿದ್ದಾರೆ. ಒಂದು ಸಾಲು ಹೆಚ್ಚುಕಡಮೆಯಾದರೆ ಮಹಜರೇ ಬಿದ್ದುಹೋಯಿತೆಂದು ಒಬ್ಬರಿಗೆ ಸಂತೋಷ, ಇನ್ನೊಬ್ಬನಿಗೆ ಭಯ. ಧರ್ಮಸಭೆ ಹಾಗೆ ಹೇಳಿಲ್ಲ. 1965ರ ನವೆಂಬರ್ 18ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ದೇಯಿ ವೆರ್ಬುಂ' ಎಂಬ ಶಾಸನವನ್ನು ಓದಿರಿ. ಬಾಯಿಂದ ಬಾಯಿಗೆ ಬಂದದ್ದು, ಬರಹದಲ್ಲಿ ಆಗಲೇ ಇದ್ದದ್ದು, ಇವುಗಳಿಂದ ಶುಭಸಂದೇಶಕಾರರು ಕೆಲವನ್ನು ಆಯ್ದರು, ಕೆಲವನ್ನು ಅಡಕಗೊಳಿಸಿದರು, ಕೆಲವನ್ನು ತಮ್ಮ ಸಭೆಗಳ ಸ್ಥಿತಿಗತಿಗೆ ತಕ್ಕಂತೆ ವಿವರಿಸಿದರು ಎಂಬುದು ಅಲ್ಲಿಯ ಬೋಧನೆ. ಜೊತೆಗೆ, ಅವರು ತಿಳಿಸಿದ್ದು ಯೇಸುವಿನ ವಿಷಯದಲ್ಲಿ ಸತ್ಯವಾದುದನ್ನೇ ಎಂದೂ ಆ ಶಾಸನ ದೃಢವಾಗಿ ಹೇಳುತ್ತದೆ. ಈ ಎರಡು ಮಾತುಗಳನ್ನು ಒಟ್ಟಿಗೆ ಹಿಡಿಯುವುದು ಕಷ್ಟ. ಅದಕ್ಕಾಗಿಯೇ ಎರಡರಲ್ಲೊಂದನ್ನು ಬಿಟ್ಟುಬಿಡುವ ಆಸೆ ಎಲ್ಲರಿಗೂ.

ಪಂಕ್ತಿಯಲ್ಲಿ ನನಗೆ ನೆನಪಾದದ್ದು ಅಲ್ಲಿಗೆ ಸಮೀಪದ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಅಲ್ಲಿ ಗುಂಡು ಹಾರಿತು. ಮಡಿದವರೆಷ್ಟು ಮಂದಿ? ಸರ್ಕಾರದ ಕಡೆಯ ಲೆಕ್ಕ ಹತ್ತರ ಆಸುಪಾಸಿನದು. ಜನರ ಲೆಕ್ಕ ಮೂವತ್ತನ್ನು ಮೀರಿದ್ದು. ಎಂಬತ್ತು ವರ್ಷ ಕಳೆದರೂ ಲೆಕ್ಕಗಳು ಕೂಡಿಲ್ಲ. ಹಾಗೆಂದು ಅಲ್ಲಿ ಗುಂಡೇ ಹಾರಲಿಲ್ಲವೆಂದು ಯಾರಾದರೂ ಹೇಳಿದ್ದಾರೆಯೇ? ಸಾಕ್ಷಿಗಳು ಒಂದೊಂದು ವಿವರದಲ್ಲಿ ಬೇರೆಯಾದರೆ, ವಿವೇಕಿಯಾದವನು ಯಾವ ವಿವರ ಗಟ್ಟಿ, ಯಾವುದು ಸಡಿಲ ಎಂದು ತೂಗಿ ನೋಡುತ್ತಾನೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವವರು ಲಾಟಿನಲ್ಲಿ ನಾಲ್ಕು ಕೆಟ್ಟ ಗೂಡು ಕಂಡೊಡನೆ ರೇಷ್ಮೆಯೆಂಬುದೇ ಸುಳ್ಳೆಂದು ಮನೆಗೆ ಹೋಗುವುದಿಲ್ಲ. ಕಣ್ಣು ಮುಚ್ಚಿಕೊಂಡು ಕೂಗಿದ ಬೆಲೆ ಕೊಡುವುದೂ ಇಲ್ಲ.

ಶಿಕ್ಷಕರು ಸುಮ್ಮನಾಗುವವರಲ್ಲ. "ವಿದುರಾಶ್ವತ್ಥಕ್ಕೆ ಕಡತವಿದೆ, ಕಂಡವರಿದ್ದರು. ನಿಮ್ಮದಕ್ಕೆ ಏನಿದೆ?" ಎಂದರು. ನ್ಯಾಯವಾದ ಮಾತು. ಇರುವುದು ಇಷ್ಟು. ಶಿಲುಬೆಯ ಮರಣವಾಗಿ ಸುಮಾರು ಇಪ್ಪತ್ತೈದು ವರ್ಷಗಳೊಳಗೆ ಸಂತ ಪೌಲನು ಕೊರಿಂಥದವರಿಗೆ ಬರೆದ ಪತ್ರವಿದೆ. ಪೇತ್ರನನ್ನೂ ಯೇಸುವಿನ ಸಹೋದರನೆನಿಸಿದ ಯಕೋಬನನ್ನೂ ಖುದ್ದಾಗಿ ಕಂಡವನು ಆತ. ಕ್ರೈಸ್ತರನ್ನು ಕಂಡರಾಗದ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಎರಡನೆಯ ಶತಮಾನದ ಆರಂಭದಲ್ಲಿ, ಪಿಲಾತನ ಆಡಳಿತದಲ್ಲಿ ಕ್ರಿಸ್ತನಿಗೆ ಮರಣದಂಡನೆಯಾಯಿತೆಂದು ಬರೆದಿದ್ದಾನೆ. ಪಿಲಾತನ ಹೆಸರುಳ್ಳ ಕಲ್ಲು 1961ರಲ್ಲಿ ಕೈಸರೇಯದಲ್ಲಿ ದೊರೆತಿದೆ. ತಾನು ವಿಶ್ವಾಸಿಯಲ್ಲವೆಂದು ಹೇಳಿಕೊಳ್ಳುವ ಅಮೆರಿಕದ ವಿದ್ವಾಂಸ ಬಾರ್ಟ್ ಎರ್ಮನ್, ಯೇಸು ಎಂಬವನು ಬಾಳಿದ್ದು ನಿಜವೆಂದು ಸಾಧಿಸಲು 2012ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇನ್ನು, ನಾಲ್ಕು ಶುಭಸಂದೇಶಗಳನ್ನು ಆರಿಸಿದ್ದು 325ರ ನಿಸೇಯ ಮಹಾಸಭೆಯೆಂದು ಕಾದಂಬರಿ ಓದಿ ಹೇಳುವವರು ಇದ್ದಾರೆ. ಅಲ್ಲಿ ಚರ್ಚೆಯಾದದ್ದು ಆರಿಯುಸನ ಬೋಧನೆ, ಗ್ರಂಥಗಳ ಪಟ್ಟಿಯಲ್ಲ. ನಾಸ್ತಿಕರಿಗೂ ತಮ್ಮದೇ ಆದ ರಥಚಕ್ರಗಳುಂಟು.

ನಮ್ಮವರ ತಪ್ಪನ್ನೂ ಹೇಳಿಬಿಡಬೇಕು. ಯೆಹೂದಿ ಇತಿಹಾಸಕಾರ ಜೋಸೆಫಸನ ಗ್ರಂಥದಲ್ಲಿ ಯೇಸುವನ್ನು ಕುರಿತ ಒಂದು ಭಾಗವನ್ನು ಯಾವನೋ ಕ್ರೈಸ್ತ ಲಿಪಿಕಾರ ತಿದ್ದಿ ಸಿಂಗರಿಸಿದ್ದಾನೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಸ್ತ್ರೀಯ ಪ್ರಸಂಗ ಯೊವಾನ್ನನ ಶುಭಸಂದೇಶದ ಅತ್ಯಂತ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಇವನ್ನು ಕಂಡುಹಿಡಿದವರಲ್ಲಿ ದೇವಭಕ್ತರೇ ಅನೇಕರು.

ನಮ್ಮ ಸೀಮೆಗೇ ತಾಗುವ ಒಂದು ಕಥೆಯೂ ಇದೆ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಯೇಸುಸಭೆಯ ಫ್ರೆಂಚ್ ಗುರುಗಳು ಈ ಪಾಳೆಯಗಾರರ ನಾಡಿನಲ್ಲಿ ಓಡಾಡಿದರು. ಅವರಲ್ಲಿ ಒಬ್ಬರಾದ ಲೆ ಗಾಕ್ ಸ್ವಾಮಿಗಳು 1709ರಲ್ಲಿ 'ಚಿನ್ನಬಳ್ಳಾಪುರಂ'ನಿಂದ, ಎಂದರೆ ನಮ್ಮ ಚಿಕ್ಕಬಳ್ಳಾಪುರದಿಂದ, ಬರೆದ ಪತ್ರ ಫ್ರಾನ್ಸಿನಲ್ಲಿ ಅಚ್ಚಾಯಿತು. ಅವರ ನಂತರ ಬಂದ ಕಲ್ಮೆತ್ ಸ್ವಾಮಿಗಳು ವೇದಗಳ ಪ್ರತಿಗಳನ್ನು ದೊರಕಿಸಿ ಪ್ಯಾರಿಸಿನ ರಾಜಗ್ರಂಥಾಲಯಕ್ಕೆ ತಲುಪುವಂತೆ ಮಾಡಿದರು. ಇದೇ ಗುರುಗಳ ಬಳಗದಿಂದ 'ಎಜೂರ್ ವೇದಂ' ಎಂಬ ಇನ್ನೊಂದು ಬರಹವೂ ಹೊರಟಿತು. ವ್ಯಾಸರೊಡನೆ ಸುಮಂತು ಎಂಬ ಜ್ಞಾನಿ ನಡೆಸಿದ ಸಂವಾದದ ರೂಪದಲ್ಲಿ ಪುರಾಣಗಳನ್ನು ಖಂಡಿಸಿ ಏಕದೇವನನ್ನು ಸ್ಥಾಪಿಸುವ ಬರಹ ಅದು. ಬರೆದವರು ಇಂಥವರೇ ಎಂದು ಇಂದಿಗೂ ನಿರ್ಧಾರವಾಗಿಲ್ಲ. ಮೋಸದ ಉದ್ದೇಶವಿತ್ತೋ, ಬೋಧನೆಗೆಂದು ಬರೆದದ್ದು ಕೈತಪ್ಪಿ ವೇದವೆನಿಸಿಕೊಂಡಿತೋ, ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

1760ರಲ್ಲಿ ಇದರ ಪ್ರತಿ ವೋಲ್ಟೇರನ ಕೈಸೇರಿತು. ಆತ ದೇವರನ್ನು ಒಪ್ಪುತ್ತಿದ್ದ, ಬೈಬಲನ್ನೂ ಪಾದ್ರಿಗಳನ್ನೂ ಒಪ್ಪುತ್ತಿರಲಿಲ್ಲ. ಹಿಗ್ಗಿ ಹೋದ. ಮೋಶೆಗಿಂತ ಮೊದಲೇ ಭಾರತದಲ್ಲಿ ಏಕದೇವನ ಶುದ್ಧ ಧರ್ಮವಿತ್ತು, ಇದೋ ಸಾಕ್ಷಿ ಎಂದು ಯೂರೋಪಿಗೆಲ್ಲ ಸಾರಿದ. ಪಾದ್ರಿಗಳನ್ನು ಹೊಡೆಯಲು ಪಾದ್ರಿಗಳೇ ಕೆತ್ತಿದ ದೊಣ್ಣೆ! ಆ ಮಹಾ ಸಂದೇಹವಾದಿ ತನಗೆ ಬೇಕಾದದ್ದು ದೊರೆತೊಡನೆ ಸಂದೇಹವನ್ನು ಮರೆತ. 1778ರಲ್ಲಿ ಅದು ಅಚ್ಚಾಯಿತು; 1782ರಲ್ಲಿ ಸೊನ್ನೆರಾ ಎಂಬ ಪ್ರವಾಸಿ ಅದು ವೇದವಲ್ಲವೆಂದು ಬರೆದ; 1822ರಲ್ಲಿ ಪ್ರಕಟವಾದ ಮದರಾಸಿನ ಎಲ್ಲಿಸ್ ಸಾಹೇಬರ ಲೇಖನ, ಪಾಂಡಿಚೇರಿಯಲ್ಲಿ ದೊರೆತ ಹಸ್ತಪ್ರತಿಗಳ ಆಧಾರದಿಂದ ಅದರ ಮೂಲವನ್ನು ಬಯಲಿಗಿಟ್ಟಿತು. ಭಾಷೆ, ವಿಚಾರ, ಹಸ್ತಪ್ರತಿ, ಕಾಲ: ಒರೆಗಲ್ಲು ಇವೇ. ಕಳೆದ ಎರಡು ಶತಮಾನಗಳಿಂದ ಶುಭಸಂದೇಶಗಳನ್ನು ಉಜ್ಜಿ ನೋಡುತ್ತಿರುವುದೂ ಈ ಕಲ್ಲಿಗೇ. 'ಎಜೂರ್ ವೇದಂ' ಬಹಳ ಕಾಲ ತಾಳಲಿಲ್ಲ.

ಇದನ್ನೆಲ್ಲ ಬರೆಯಲು ನನಗೇನು ಹಕ್ಕು ಎಂದೂ ಯೋಚಿಸಿದ್ದೇನೆ. ಗುರುದೀಕ್ಷೆಯಾದ ಹೊಸತರಲ್ಲಿ ಒಂದು ಹಳ್ಳಿಯ ಧರ್ಮೋಪದೇಶ ತರಗತಿಯಲ್ಲಿ ಹನ್ನೆರಡರ ಹುಡುಗನೊಬ್ಬ, "ಸ್ವಾಮಿ, ಯೂದ ನೇಣು ಹಾಕಿಕೊಂಡನೋ, ಬಿದ್ದು ಹೊಟ್ಟೆ ಒಡೆದು ಸತ್ತನೋ?" ಎಂದು ಕೇಳಿದ. ಮತ್ತಾಯನಲ್ಲಿ ಒಂದು ಬಗೆ, ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇನ್ನೊಂದು ಬಗೆ ಇದೆ. ಹುಡುಗ ಎರಡನ್ನೂ ಓದಿದ್ದ. ಗುರುಮಠದಲ್ಲಿ ನಾಲ್ಕಾರು ವರ್ಷ ತತ್ತ್ವಶಾಸ್ತ್ರ ಕಲಿತು ಹ್ಯೂಮನನ್ನೂ ಕಾಂಟನನ್ನೂ ಓದಿ ಬಂದಿದ್ದ ನಾನು, "ಅಧಿಕಪ್ರಸಂಗ ಬೇಡ, ಕುಳಿತುಕೋ" ಎಂದೆ. ಕುಳಿತುಕೊಂಡ. ಇಂದು ಅವನು ಬೆಂಗಳೂರಿನಲ್ಲಿ ಎಂಜಿನಿಯರು. ದೇವಾಲಯಕ್ಕೆ ಬರುವುದನ್ನು ಬಿಟ್ಟು ಬಹಳ ಕಾಲವಾಯಿತು. ಅವನ ತಾಯಿ ನನ್ನನ್ನು ಕಂಡಾಗಲೆಲ್ಲ "ನನ್ನ ಮಗನಿಗಾಗಿ ಪ್ರಾರ್ಥಿಸಿ ಸ್ವಾಮಿ" ಎನ್ನುತ್ತಾರೆ. ಅವನು ಹೋದದ್ದು ಆ ಒಂದು ದಿನದ ಕಾರಣದಿಂದಲೇ ಎಂದು ನಾನು ಹೇಳಲಾರೆ. ಅಲ್ಲವೆಂದೂ ಹೇಳಲಾರೆ.

ಪಂಕ್ತಿ ಏಳುವ ಹೊತ್ತಿಗೆ ಶಿಕ್ಷಕರು ಕೊನೆಯ ಪ್ರಶ್ನೆ ಕೇಳಿದರು: "ಹಾಗಾದರೆ ಪುನರುತ್ಥಾನವನ್ನು ಇತಿಹಾಸದಿಂದ ಸಾಧಿಸುತ್ತೀರಾ?" ಇಲ್ಲ ಎಂದೆ. ಒಬ್ಬ ಮನುಷ್ಯನನ್ನು ಶಿಲುಬೆಗೇರಿಸಿದರು, ಕೆಲವು ದಿನಗಳಲ್ಲೇ ಅವನ ಹೆದರಿದ ಶಿಷ್ಯರು ಅವನು ಎದ್ದಿದ್ದಾನೆಂದು ಸಾರತೊಡಗಿದರು, ಆ ಮಾತಿಗಾಗಿ ಪೆಟ್ಟು ತಿಂದರು: ಇಲ್ಲಿಯವರೆಗೆ ಇತಿಹಾಸ ನನ್ನ ಜೊತೆ ನಡೆದು ಬರುತ್ತದೆ. ಅಲ್ಲಿಂದ ಮುಂದಕ್ಕೆ ಅದು ಬರುವುದಿಲ್ಲ. ನಾನು ಹೋಗುತ್ತೇನೆ. ಸಾಕ್ಷಿ ಎಷ್ಟೇ ಇದ್ದರೂ ನಿಸರ್ಗದ ನಿಯಮವೇ ಹೆಚ್ಚು ಭಾರವೆಂದು ಹ್ಯೂಮ್ ಹೇಳುತ್ತಾನೆ. ದೇವರೇ ಇಲ್ಲವೆಂದು ಮೊದಲೇ ತೀರ್ಮಾನಿಸಿದ್ದರೆ ಅವನ ತಕ್ಕಡಿ ಸರಿ. ಆ ತೀರ್ಮಾನವನ್ನು ನಾನು ಮಾಡಿಲ್ಲ, ಶಿಕ್ಷಕರು ಮಾಡಿದ್ದಾರೆ. ನಮ್ಮಿಬ್ಬರ ನಡುವೆ ನಿಜವಾಗಿ ಇರುವ ಅಂತರ ಅದು. ಕುರೇನ್ಯನ ಗಣತಿ ಅಲ್ಲ.

ಕೈತೊಳೆಯುವ ಕಡೆ ಯುವಕ ನನ್ನನ್ನು ತಡೆದು, "ಸ್ವಾಮಿ, ಆ ವಿಡಿಯೋ ಸುಳ್ಳೇ?" ಎಂದು ಮೆಲ್ಲಗೆ ಕೇಳಿದ. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಲೂಕನ ಎರಡನೆಯ ಅಧ್ಯಾಯವನ್ನು ಜೊತೆಗೆ ಕುಳಿತು ಓದೋಣವೇ ಎಂದ. ಭಾನುವಾರ ಸಂಜೆ ಐದಕ್ಕೆ ಎಂದು ಗೊತ್ತುಮಾಡಿದ್ದೇವೆ. ಶಿಕ್ಷಕರಿಗೂ ಹೇಳಿಕಳುಹಿಸಿದ್ದೇನೆ, ತಮ್ಮ ಪುಸ್ತಕಗಳನ್ನು ತಂದೇ ಬರುವುದಾಗಿ ತಿಳಿಸಿದ್ದಾರೆ.