ಏರಿಯ ಬಿರುಕು, ಯಂತ್ರದ ತೇಪೆ

ಬೇತಮಂಗಲದ ಕೆರೆಯೇರಿ ಒಡೆದಾಗ ಮರಳಿ ಕಟ್ಟಿಸಿದವರನ್ನು ಶಾಸನವು ನೆನೆಯುತ್ತದೆ. ಬಿರುಕನ್ನು ಮೊದಲೇ ಮುಚ್ಚಿದವರನ್ನು ನೆನೆಯುವವರಾರು? ಗಣಕಯಂತ್ರದ ವಿಷಯದಲ್ಲಿಯೂ ನಮ್ಮ ರೀತಿ ಇದೇ.

ವಿಂಡೋಸ್ ಎಂಬ ಕಾರ್ಯನಿರ್ವಹಣಾ ತಂತ್ರಾಂಶದ ಒಂದು ಬಿರುಕಿಗೆ ಮೈಕ್ರೋಸಾಫ್ಟ್ ಸಂಸ್ಥೆಯು 2017ರ ಮಾರ್ಚ್ 14ರಂದೇ ತೇಪೆಯನ್ನು ಒದಗಿಸಿತ್ತು. ಹಚ್ಚದೆ ಉಳಿದವರು ಬಹುಮಂದಿ. ಮೇ 12ರಂದು ಅದೇ ಬಿರುಕಿನಿಂದ ನುಗ್ಗಿದ 'ವನ್ನಾಕ್ರೈ' ಅನೇಕ ದೇಶಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದುವು.

ವಿಂಡೋಸ್ 7ಕ್ಕೆ ಸಾಮಾನ್ಯ ಬಳಕೆದಾರರಿಗೆ ದೊರೆಯುತ್ತಿದ್ದ ತೇಪೆಗಳು 2020ರ ಜನವರಿಯಲ್ಲಿಯೇ ನಿಂತುವು. ಅಂತಹ ಹಳೆಯ ಯಂತ್ರವನ್ನು ದಾನವಾಗಿ ಪಡೆದು, ಅಂತರ್ಜಾಲಕ್ಕೆ ಜೋಡಿಸಿ, ಮಕ್ಕಳ ಅಂಕಪಟ್ಟಿಗಳನ್ನು ಅದರಲ್ಲಿರಿಸುವುದು ನನಗೆ ಸಮ್ಮತವಿಲ್ಲ. (ವ್ಯಾಕರಣದವನಿಗೇಕೆ ಈ ಉಸಾಬರಿ ಎನ್ನಬಹುದು, ಅಂಕಗಳನ್ನು ಬರೆಯುವವನು ನಾನೇ ಅಲ್ಲವೇ!) ಯಂತ್ರ ಕೊಡುವ ಮಹನೀಯರು ಅದರ ವಾರ್ಷಿಕ ಪಾಲನೆಗೂ ಕಿಂಚಿತ್ತು ತೆಗೆದಿರಿಸಲಿ, ತೇಪೆ ಬಂದ ವಾರದಲ್ಲಿಯೇ ಅದನ್ನು ಹಚ್ಚುವ ಹೊಣೆ ಒಬ್ಬ ಅಧ್ಯಾಪಕರದಾಗಲಿ.